ನೀರಿಗೆ ಹಾಕದ ಚಿನ್ನ

ನಮ್ಮಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕನ್ನಡ ಓದುತ್ತಿದ್ದ, ತೆಲುಗು ಮಾತಾಡುತ್ತಿದ್ದ, ಒರೆಗಲ್ಲಿನ ಮೇಲೆ ಚಿನ್ನ ಉಜ್ಜಿ ಗೆರೆ ನೋಡಿದರೆ ಎಷ್ಟು ಕ್ಯಾರೆಟ್ ಎಂದು ಹೇಳಿಬಿಡುತ್ತಿದ್ದ. ಹೆಸರು ಚಲಪತಿ. ದೊಡ್ಡಬಳ್ಳಾಪುರದ ಹಳೇ ಪೇಟೆಯಲ್ಲಿ ನಮ್ಮದೊಂದು ಚಿಕ್ಕ ಅಂಗಡಿ. ಮುಂದೆ ಗಿರಾಕಿಗಳು ಕೂರುವ ಬೆಂಚು, ಹಿಂದೆ ಅಪ್ಪ ಕೂರುವ ಜಾಗ. ಮೂವತ್ತೆರಡು ವರ್ಷ ಅಲ್ಲೇ ಕೂತು ಹಳದಿ ಚಿನ್ನದ ಕೆಲಸ ಮಾಡಿದ್ದ. ಬೇರೆ ಬಣ್ಣದ ಚಿನ್ನವನ್ನು ಯಾರೂ ಕೇಳಿರಲಿಲ್ಲ.

ನಾನು ಬೆಂಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಎಸ್ಸಿ. ಮುಗಿಸಿ ಬಂದು ಎಂಟು ತಿಂಗಳಾಗಿತ್ತು. ಕೆಲಸ ಸಿಕ್ಕಿರಲಿಲ್ಲ. ದಿನವೂ ಅಂಗಡಿಗೆ ಹೋಗಿ ಕೂರುತ್ತಿದ್ದೆ. ಒಮ್ಮೆ ನಾನೂ ಚಿನ್ನ ಕರಗಿಸುತ್ತೇನೆಂದು ಹಟ ಹಿಡಿದಾಗ ಅಪ್ಪ ಬಿಟ್ಟಿದ್ದ. ಚಿನ್ನ ಕರಗಿಸುವ ಮಣ್ಣಿನ ಮೂಸೆಯನ್ನು ಮೊದಲು ಕಾಯಿಸಿಕೊಳ್ಳದೆ ನೇರವಾಗಿ ಉರಿ ಬಿಟ್ಟೆ. ಅದು ಎರಡು ಹೋಳಾಯಿತು. ಒಳಗಿದ್ದದ್ದು ಅಪ್ಪನ ಉಂಗುರ ಅಷ್ಟೇ, ಬೂದಿಯಿಂದ ಹೆಕ್ಕಿಕೊಂಡೆವು. ಆಮೇಲೆ ಬಂದ ಗಿರಾಕಿಗಳಿಗೆಲ್ಲ ಅಪ್ಪ ಆ ಕಥೆ ಹೇಳುತ್ತಿದ್ದ. "ನಮ್ ಕೆಮಿಸ್ಟ್ರಿ ಮೇಡಂ ನೋಡಿ, ಮೂರು ವರ್ಷ ಓದಿ ಮೂಸೆ ಒಡೆಯೋದು ಕಲ್ತ್ಕೊಂಡು ಬಂದವ್ಳೆ." ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮಾರ್ಚ್ ತಿಂಗಳಲ್ಲಿ ಅರ್ಪಿತ ಬಂದಳು. ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ತೂಬಗೆರೆಯವಳು. ಈಗ ಏರ್‌ಪೋರ್ಟ್‌ನಲ್ಲಿ ಕೆಲಸ. ಮುಂದಿನ ತಿಂಗಳು ಮದುವೆ. ಜೊತೆಗೆ ಅವಳ ತಾಯಿಯ ತಾಯಿ ಸೊಣ್ಣಮ್ಮ ಸಾಸಲಿನಿಂದ ಬಂದಿದ್ದರು. ಅರ್ಪಿತಳ ತಾಯಿ ಲಕ್ಷ್ಮೀದೇವಮ್ಮ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಗಂಡ ಇರುವಾಗಲೇ ಹೋದವರು, ಹಾಗಾಗಿ ಅವರ ಒಡವೆ ಮಗಳ ಮದುವೆಗೆ ಶುಭ ಎಂದು ಅವರ ಕಡೆ ನಂಬಿಕೆ. ಒಡವೆಯಲ್ಲಿ ಉಳಿದದ್ದು ಎರಡು ಬಳೆ ಮಾತ್ರ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಅವನ್ನು ಅಪ್ಪನ ಕೈಗೆ ಕೊಟ್ಟರು.

ಅಪ್ಪ ತೂಗಿದ. ಎರಡೂ ಸೇರಿ ಇಪ್ಪತ್ತನಾಲ್ಕು ಗ್ರಾಂ, ಇಪ್ಪತ್ತೆರಡು ಕ್ಯಾರೆಟ್.

"ಇವಳ ಕೈಗೆ ಹೋಗಲ್ಲ ಆಚಾರಪ್ಪ. ಅವಳದು ಎರಡು-ಎರಡರ ಅಳತೆ, ಇವಳದು ಎರಡು-ಆರು. ನನ್ ಮಗಳು ಹಂಚಿಕಡ್ಡಿ ಥರ ಇದ್ಳು" ಎಂದರು ಅಜ್ಜಿ.

"ದೊಡ್ಡದು ಮಾಡ್ಬೇಕಂದ್ರೆ ಮೇಲೆ ಮೂರು ಗ್ರಾಂ ಆದ್ರೂ ಚಿನ್ನ ಸೇರಿಸ್ಬೇಕಮ್ಮ. ಇಲ್ದಿದ್ರೆ ತೆಳ್ಳಗಾಗತ್ತೆ."

"ಸೇರಿಸೋ ಹಾಗಿಲ್ಲ ಅಂಕಲ್" ಎಂದಳು ಅರ್ಪಿತ. "ಅಮ್ಮನ ಚಿನ್ನ ಬಿಟ್ರೆ ಬೇರೆ ಯಾರ ಚಿನ್ನಾನೂ ಅದ್ರಲ್ಲಿ ಬೇಡ. ಅಂಗಡಿಗೆ ಕೊಟ್ಟು ಬದಲಾಯಿಸ್ಕೊಳ್ಳೋಣ ಅಂತ ನಮ್ಮಪ್ಪ ಅಂದ್ರು, ನಾನೇ ಜಗಳ ಆಡಿ ಇಲ್ಲಿಗೆ ತಂದೆ. ನನ್ಹತ್ರ ಅಮ್ಮಂದು ಅಂತ ಇರೋದು ಇಷ್ಟೇ."

ಆಗ ರೋಸ್ ಗೋಲ್ಡ್ ಮಾತು ಎತ್ತಿದವಳು ನಾನು. ಅರ್ಪಿತಳ ನಿಶ್ಚಿತಾರ್ಥದ ಉಂಗುರ ಅದೇ ಬಣ್ಣದ್ದಿತ್ತು. ನಾನು ಚೀಟಿಯ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಇಪ್ಪತ್ತನಾಲ್ಕು ಗ್ರಾಂ ಬಳೆಯಲ್ಲಿ ಅಪ್ಪಟ ಚಿನ್ನ ಇಪ್ಪತ್ತೆರಡು ಗ್ರಾಂ. ರೋಸ್ ಗೋಲ್ಡ್ ಹದಿನೆಂಟು ಕ್ಯಾರೆಟ್, ಅಂದರೆ ನಾಲ್ಕರಲ್ಲಿ ಮೂರು ಪಾಲು ಚಿನ್ನ. ಐದೂ ಚಿಲ್ಲರೆ ಗ್ರಾಂ ತಾಮ್ರ ಸೇರಿಸಿದರೆ ಬಳೆ ಇಪ್ಪತ್ತೊಂಬತ್ತು ಗ್ರಾಂ ದಾಟುತ್ತದೆ. ಚಿನ್ನ ಅಮ್ಮನದೇ, ಅಷ್ಟೂ ಇರುತ್ತದೆ. ಅಳತೆಯೂ ಸಿಗುತ್ತದೆ, ಬಣ್ಣವೂ ಸಿಗುತ್ತದೆ.

"ತಾಮ್ರಾನಾ?" ಎಂದರು ಸೊಣ್ಣಮ್ಮ. "ಮದುವೆ ಹೆಣ್ಣಿನ ಕೈಗೆ ಬಚ್ಚಲ್ಮನೆ ಹಂಡೆ ತೊಡಿಸ್ತೀರೇನಪ್ಪಾ?"

"ಅಜ್ಜಿ, ನಿಮ್ಮ ಓಲೇಲೂ ತಾಮ್ರ ಇದೆ. ಅಪ್ಪಟ ಚಿನ್ನ ಮೆತ್ತಗೆ, ಒಡವೆಗೆ ಬರಲ್ಲ. ಹಳದಿ ಚಿನ್ನಕ್ಕೆ ಸ್ವಲ್ಪ ಬೆಳ್ಳಿ, ಸ್ವಲ್ಪ ತಾಮ್ರ ಹಾಕ್ತಾರೆ. ಇದಕ್ಕೆ ತಾಮ್ರ ಜಾಸ್ತಿ. ಅದಕ್ಕೇ ಕೆಂಪು. ಗುಲಾಬಿ ಬಣ್ಣದ ಚಿನ್ನ ಅಂತ ಭೂಮೀಲಿ ಬೇರೆ ಸಿಗಲ್ಲ."

"ಹೌದೇನಪ್ಪಾ?" ಎಂದು ಅಜ್ಜಿ ಅಪ್ಪನನ್ನು ಕೇಳಿದರು. ನನ್ನ ಮಾತು ಸಾಲದು.

"ಅದು ನಿಜ ಅಮ್ಮ" ಎಂದ ಅಪ್ಪ. "ಆದ್ರೆ ಮುಂದೆ ಅಡ ಇಡೋಕೆ ಹೋದ್ರೆ ಹದಿನೆಂಟು ಕ್ಯಾರೆಟ್ ಅಂತ ಮೂಗು ಮುರೀತಾರೆ."

"ಅಡ ಇಡೋಕೆ ಮಾಡಿಸ್ತಿಲ್ಲ ಅಂಕಲ್" ಎಂದಳು ಅರ್ಪಿತ.

ಅಜ್ಜಿ ಬಳೆಗಳನ್ನು ಒಮ್ಮೆ ಸವರಿ, "ಕರಗ್ಸೋವಾಗ ನಾನು ಎದುರಿಗೆ ಕೂತಿರ್ತೀನಿ" ಎಂದರು. ಅದು ನಮ್ಮಲ್ಲಿ ಹಳೆಯ ಪದ್ಧತಿ. ಮದುವೆ ಚಿನ್ನ ಕರಗುವಾಗ ಮನೆಯವರು ಎದುರಿಗಿರಬೇಕು.

ಅಪ್ಪ ಬೆಂಗಳೂರಿನ ನಗರ್ತಪೇಟೆಗೆ ಹೋಗಿ ಶುದ್ಧ ತಾಮ್ರದ ಕಾಳು ತಂದ. ಪೊಟ್ಟಣದ ಜೊತೆ ಒಂದು ಹಾಳೆ ಇಂಗ್ಲಿಷಿನಲ್ಲಿತ್ತು. ಕರಗಿಸುವ ದಿನ ಬೆಳಿಗ್ಗೆ ಅಜ್ಜಿ, ಅರ್ಪಿತ ಬಂದು ಕೂತಿದ್ದರು. ಅಪ್ಪ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಬಂದು ಹಾಳೆಯನ್ನು ನನ್ನ ಕೈಗೆ ಕೊಟ್ಟ.

"ಅಪ್ಪಾ, ಇವತ್ತು ನಾನು ಪಕ್ಕದಲ್ಲಿ ಕೂತು ಮಾಡ್ಲಾ? ಇದು ನಿನಗೂ ಹೊಸದಲ್ವಾ" ಎಂದೆ.

ಅಪ್ಪ ನಕ್ಕು ಅಜ್ಜಿಯ ಕಡೆ ತಿರುಗಿದ. "ಕೇಳಿದ್ರಾ ಅಮ್ಮ? ಈ ಮೇಡಂ ಹೋದ್ಸಲ ಏನ್ ಮಾಡಿದ್ಲು ಗೊತ್ತಾ..." ಮೂಸೆಯ ಕಥೆ ಪೂರ್ತಿ ಹೇಳಿದ. ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕರು. ಅರ್ಪಿತಳೂ ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು.

"ನೀನು ಓದ್ ಹೇಳು ಸಾಕು. ಮಿಕ್ಕಿದ್ದು ಕೈಗೆ ಗೊತ್ತು" ಎಂದ ಅಪ್ಪ.

ಹಾಳೆಯಲ್ಲಿ ಏಳು ಸಾಲಿದ್ದವು. ಮೊದಲು ಚಿನ್ನ ಕರಗಿಸಿ ಆಮೇಲೆ ತಾಮ್ರ ಹಾಕಿ. ಬಿಳಿಗಾರ ಹೆಚ್ಚಿಗೆ ಬೇಕು. ಚೆನ್ನಾಗಿ ಕಲಕಿ. ಅಚ್ಚನ್ನು ಮೊದಲೇ ಬಿಸಿ ಮಾಡಿಕೊಳ್ಳಿ. ಐದನೇ ಸಾಲು: ಎರಕ ಗಟ್ಟಿಯಾದ ಕೂಡಲೇ, ಕೆಂಪು ಕಾವು ಇಳಿಯುವ ಮೊದಲೇ ನೀರಿಗೆ ಹಾಕಿ, ಪ್ರತಿ ಸಲ ಕಾಯಿಸಿದಾಗಲೂ ಹಾಗೇ ಮಾಡಿ, ತಾನಾಗಿ ಆರಲು ಬಿಟ್ಟರೆ ಲೋಹ ಬಿರಿಯುತ್ತದೆ.

ನಾನು ನಾಲ್ಕು ಸಾಲು ಓದಿ ಹೇಳಿದೆ. ಐದನೆಯದನ್ನು ಕಣ್ಣಿನಲ್ಲಿ ಓದಿದೆ. ಆರು, ಏಳು ಓದಿ ಹೇಳಿ ಹಾಳೆ ಮಡಚಿದೆ.

ಮರೆತೆ ಎಂದು ಹೇಳಬಹುದಿತ್ತು. ಮರೆತಿರಲಿಲ್ಲ. ನಮ್ಮ ಮನೆಯ ಪದ್ಧತಿ ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಕೆಲಸದಲ್ಲಿ ಕಾದ ಚಿನ್ನವನ್ನು ಅಪ್ಪ ನೀರಿಗೆ ಅದ್ದುತ್ತಿದ್ದ. ಮದುವೆ ಚಿನ್ನವನ್ನು ಅದ್ದುತ್ತಿರಲಿಲ್ಲ. ತಾತನ ಕಾಲದಿಂದ ಮದುವೆ ಚಿನ್ನ ಬೂದಿಯ ಹಾಸಿನ ಮೇಲೆ, ದೀಪದ ಮುಂದೆ ತಾನಾಗಿ ತಣ್ಣಗಾಗಬೇಕು. ಹೆಣ್ಣಿನ ಬಾಳು ಚುರ್ ಅನ್ನಬಾರದು ಎಂದು ತಾತ ಹೇಳುತ್ತಿದ್ದನಂತೆ. ಹಳದಿ ಚಿನ್ನಕ್ಕೆ ಅದರಿಂದ ಏನೂ ಆಗುವುದಿಲ್ಲ. ಇದಕ್ಕೆ ಆಗುತ್ತದೆ. ಆಗಲಿ ಎಂದುಕೊಂಡೆ. ಒಂದು ಸಲ ಸುತ್ತಿಗೆಯ ಕೆಳಗೆ ಬಿರಿಯಲಿ. ಕೈಗೆ ಗೊತ್ತಿಲ್ಲದ್ದೂ ಇದೆ ಎಂದು ಕಾಣಲಿ. ಚಿನ್ನ ಎಲ್ಲಿಗೂ ಹೋಗುವುದಿಲ್ಲ, ಮತ್ತೆ ಕರಗಿಸಿದರಾಯಿತು. ಆಗ ಅಪ್ಪ ನನ್ನನ್ನು ಕೇಳುತ್ತಾನೆ, ಆಗ ಹೇಳುತ್ತೇನೆ.

ಅಪ್ಪ ಎರಕ ಹೊಯ್ದ. ಅಚ್ಚಿನಿಂದ ಸರಳು ಹೊರಬಂತು, ಇನ್ನೂ ಕೆಂಪಗೆ ಹೊಳೆಯುತ್ತಿತ್ತು. ಇಕ್ಕಳದಲ್ಲಿ ಎತ್ತಿ ಬೂದಿಯ ತಟ್ಟೆಯ ಮೇಲಿಟ್ಟು ಮುಂದೆ ದೀಪ ಹಚ್ಚಿದ. ನೀರಿನ ಬೋಗುಣಿ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಸರಳಿನ ಕೆಂಪು ತುದಿಯಿಂದ ಮಧ್ಯಕ್ಕೆ ಇಳಿಯುವುದನ್ನು ನೋಡುತ್ತಾ ಕೂತೆ. ಬಾಯಿ ತೆರೆಯಲು ಬೇಕಾದಷ್ಟು ಹೊತ್ತು ಇತ್ತು. ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿದಿದ್ದರು.

ಮೂರನೇ ದಿನ ಸರಳನ್ನು ತಟ್ಟಿ ಬಾಗಿಸುವಾಗ ಬಿರುಕು ಬಂತು. ಅಪ್ಪ ಮತ್ತೆ ಕಾಯಿಸಿ ಮತ್ತೆ ಬೂದಿಯ ಮೇಲಿಟ್ಟ. ಮತ್ತೆ ಬಿರುಕು. ಚಿನ್ನ ಮತ್ತು ತಾಮ್ರ ನಿಧಾನವಾಗಿ ಆರಿದರೆ ಅವುಗಳ ಕಣಗಳು ಸಾಲು ಕಟ್ಟಿ ನಿಂತುಬಿಡುತ್ತವೆ. ಸಾಲು ಕಟ್ಟಿದ ಮೇಲೆ ಒಂದರ ಮೇಲೊಂದು ಜರುಗುವುದಿಲ್ಲ, ಬಾಗುವ ಬದಲು ಒಡೆಯುತ್ತವೆ. ನನ್ನ ಪಠ್ಯದಲ್ಲೇ ಇತ್ತು. ಅಪ್ಪ ಕಾಯಿಸಿದಷ್ಟೂ ಅದು ಗಡುಸಾಗುತ್ತಿತ್ತು.

ಅವನು ಸುತ್ತಿಗೆ ಇಟ್ಟು ಕನ್ನಡಕ ತೆಗೆದ. "ಮಗಾ, ಆ ಹಾಳೇಲಿ ಇನ್ನೇನಾದ್ರೂ ಬರ್ದಿದ್ಯಾ ನೋಡಮ್ಮ. ನನಗೆ ತಿಳೀತಿಲ್ಲ."

ನಾನು ಕಾಯುತ್ತಿದ್ದ ಮಾತು ಅದೇ. ಆದರೆ ಅದು ಬಂದಾಗ ನನಗೆ ಒಂದು ವಿಷಯ ಹೊಳೆಯಿತು. ಈಗ ಹೇಳಿದರೆ ಹಾಳೆಯಲ್ಲಿ ಮೊದಲೇ ಇತ್ತು ಎಂದು ಹೇಳಿದ ಹಾಗೆ. ಮೊದಲ ದಿನ ಯಾಕೆ ಓದಲಿಲ್ಲ ಎಂದು ಕೇಳುತ್ತಾನೆ. ಹಾಳೆಯನ್ನು ತೆಗೆದು ನೋಡಿದ ಹಾಗೆ ಮಾಡಿದೆ.

"ಇನ್ನೇನಿಲ್ಲಪ್ಪ."

"ತಾಮ್ರದಲ್ಲೇ ಏನೋ ಕಲ್ಮಶ ಇರ್ಬೇಕು" ಎಂದ.

ಮದುವೆಗೆ ಹತ್ತು ದಿನವಿತ್ತು. ಮತ್ತೆ ಕರಗಿಸಿದರೂ ಹೀಗೇ ಆಗುತ್ತದೆ ಎಂದುಕೊಂಡ ಅಪ್ಪ, ಬಿರುಕುಗಳಿಗೆ ಬೆಸುಗೆ ತುಂಬಿದ. ಬೆಸುಗೆಗೆ ತನ್ನ ಹಳೆಯ ಉಂಗುರದ ತುಂಡನ್ನೇ ಹಾಕಿದ. ಬೇರೆ ಚಿನ್ನ ಸೇರಿತಲ್ಲ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮೂವತ್ತೆರಡು ವರ್ಷದಲ್ಲಿ ಅಪ್ಪ ಬಿರುಕು ಮುಚ್ಚಿ ಕೊಟ್ಟ ಮೊದಲ ಒಡವೆ ಅದು. ಮೆರುಗು ಕೊಟ್ಟ ಮೇಲೆ ಬಳೆಗಳು ಚೆನ್ನಾಗಿಯೇ ಕಂಡವು. ಅರ್ಪಿತ ಬಂದು ಬೆಳಕಿಗೆ ಹಿಡಿದು ನೋಡಿ ನನ್ನನ್ನು ತಬ್ಬಿಕೊಂಡಳು. "ಥ್ಯಾಂಕ್ಸ್ ಕಣೇ. ನೀನಿಲ್ದಿದ್ರೆ ಇದು ಆಗ್ತಾನೇ ಇರ್ಲಿಲ್ಲ."

ಮದುವೆಯ ಹಿಂದಿನ ದಿನ ತೂಬಗೆರೆಯ ಮನೆಯಲ್ಲಿ ಬಳೆ ಶಾಸ್ತ್ರ. ಬಳೆಗಾರ್ತಿ ಅರ್ಪಿತಳ ಎರಡು ಕೈಗೂ ಹಸಿರು ಗಾಜಿನ ಬಳೆ ತೊಡಿಸಿ ಎದ್ದಳು. ಗಾಜಿನ ಬಳೆಗಳ ಮುಂದೆ ಹಾಕುವ ಚಿನ್ನದ ಬಳೆಯನ್ನು ತಾಯಿ ತೊಡಿಸಬೇಕು. ತಾಯಿ ಇಲ್ಲದ್ದಕ್ಕೆ ಅಜ್ಜಿ ಕೂತರು. ಅಜ್ಜಿ ಅರ್ಪಿತಳ ಹೆಬ್ಬೆರಳನ್ನು ಒಳಗೆ ಮಡಿಸಿ ಬಳೆಯನ್ನು ಒತ್ತಿ ತಳ್ಳಿದರು. ಸಣ್ಣ ಸದ್ದಾಯಿತು. ಗಾಜಿನ ಬಳೆ ಎಂದುಕೊಂಡು ಒಬ್ಬಾಕೆ "ಹೋಗ್ಲಿ ಬಿಡು, ದೃಷ್ಟಿ ಹೋಯ್ತು" ಎಂದಳು. ಅಜ್ಜಿ ಕೈ ತೆರೆದಾಗ ಚಿನ್ನದ ಬಳೆ ಎರಡು ಚೂರಾಗಿತ್ತು.

ಎಲ್ಲರೂ ಒಟ್ಟಿಗೆ ಮಾತಾಡಿದರು.

"ಚಿನ್ನ ಎಲ್ಲಾದ್ರೂ ಮುರಿಯುತ್ತೇನೇ?"

"ನೋಡ್ರೇ ಬಣ್ಣ. ತಾಮ್ರ ಸುರ್ದವ್ನೆ."

"ಆಚಾರಿ ಕೈಗೆ ಕೊಟ್ಟು ಕಣ್ ಮುಚ್ಚಿದ್ರೆ ಇನ್ನೇನಾಗತ್ತೆ?"

"ಕರಗ್ಸೋವಾಗ ನಾನಿದ್ದೆ" ಎಂದರು ಸೊಣ್ಣಮ್ಮ. ಅಷ್ಟೇ ಹೇಳಿ ಚೂರುಗಳನ್ನು ಜೋಡಿಸಲು ನೋಡಿದರು. "ನನ್ ಮಗಳ ಕೈಲಿ ಹದಿನಾರು ವರ್ಷ ಇತ್ತು. ಹಿಟ್ ನಾದ್ತಿದ್ಲು, ಸಗಣಿ ಬಾಚ್ತಿದ್ಲು. ಏನೂ ಆಗ್ಲಿಲ್ಲ."

ಅರ್ಪಿತ ನನ್ನ ಕಡೆ ತಿರುಗಿದಳು. "ಕೀರ್ತನ, ಏನೇ ಇದು?"

"ಗೊತ್ತಿಲ್ಲ ಕಣೇ" ಎಂದೆ.

ಅತ್ತೆಯೊಬ್ಬರ ಬಳೆ ಇಸಿದುಕೊಂಡು ಶಾಸ್ತ್ರ ಮುಗಿಸಿದರು. ಮದುವೆ ಚೆನ್ನಾಗಿಯೇ ಆಯಿತು. ಯಾರಿಗೂ ಕೇಡಾಗಲಿಲ್ಲ. ಬಳೆ ಮುರಿದದ್ದು ಅಪಶಕುನ ಎಂದವರು ಹೋಳಿಗೆ ಊಟ ಮಾಡಿಕೊಂಡು ಮನೆಗೆ ಹೋದರು.

ಅಪ್ಪನಿಗೆ ನಾನೇ ಬಂದು ಹೇಳಿದೆ, ಮುರಿಯಿತು ಎಂದಷ್ಟೇ. ಅವನು ಅಂಗಡಿಯ ಬಾಗಿಲು ಅರ್ಧ ಎಳೆದು ಕೂತ. ಬಳೆ ವಾಪಸ್ ತಂದು ಮತ್ತೆ ಮಾಡಿಕೊಡು ಎಂದು ಪಕ್ಕದ ಅಂಗಡಿಯವರು ಹೇಳಿದರು.

"ಏನಂತ ತರ್ಲಿ? ಯಾಕೆ ಒಡೀತು ಅನ್ನೋದೇ ಗೊತ್ತಿಲ್ಲ. ಮತ್ತೆ ಮಾಡಿದ್ರೆ ಮತ್ತೆ ಒಡೆಯುತ್ತೆ. ಎರಡನೇ ಸಲ ಆ ಹುಡುಗಿ ಮುಂದೆ ನಿಲ್ಲೋಕಾಗಲ್ಲ" ಎಂದ. ಹಳದಿ ಚಿನ್ನದ ಸಣ್ಣ ಪುಟ್ಟ ಕೆಲಸ ಬಂದರೂ ಮುಟ್ಟಲಿಲ್ಲ. ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಒಂದು ದಿನ ಊಟಕ್ಕೆ ಕೂತಾಗ, "ಇವತ್ತೂ ಕೈ ನಡುಗ್ತಿದ್ಯಾ ನೋಡು" ಎಂದು ನನ್ನ ಮುಂದೆ ಚಾಚಿದ. ನಡುಗುತ್ತಿರಲಿಲ್ಲ. ಹಾಗೆಂದು ಹೇಳಿದೆ. ಅವನು ನಂಬಲಿಲ್ಲ.

ಹನ್ನೆರಡು ದಿನ ಹೀಗೆ ನಡೆಯಿತು. ದಿನವೂ ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಹದಿಮೂರನೇ ದಿನ ಮಧ್ಯಾಹ್ನ ಅಪ್ಪ ತನ್ನ ಸಾಮಾನುಗಳನ್ನು ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದ. ಯಾಕೆ ಎಂದು ಕೇಳಿದೆ. ಯಾರಾದರೂ ಕೊಳ್ಳುವವರಿದ್ದರೆ ಕೊಟ್ಟುಬಿಡುತ್ತೇನೆ ಎಂದ.

ನಾನು ಹಾಳೆ ತಂದು ಅವನ ಮುಂದೆ ಕೂತು ಐದನೇ ಸಾಲನ್ನು ಕನ್ನಡದಲ್ಲಿ ಹೇಳಿದೆ.

"ಇನ್ನೊಂದ್ಸಲ ಹೇಳು" ಎಂದ.

ಹೇಳಿದೆ.

"ನೀರಿಗಾ?"

"ಹೂಂ. ಕೆಂಪಗಿರೋವಾಗ್ಲೇ."

"ಇದು ಅವತ್ತೂ ಇತ್ತಾ?"

"ಇತ್ತು."

"ನೋಡಿದ್ದ್ಯಾ?"

"ನೋಡಿದ್ದೆ."

ಬೈಯಬಹುದು, ಹೊಡೆಯಬಹುದು ಎಂದು ಕಾದೆ. ಅಪ್ಪ ಎದ್ದು ಮೊಳೆಗೆ ನೇತು ಹಾಕಿದ್ದ ಅಂಗಿ ತೊಟ್ಟುಕೊಂಡ. ಪೆಟ್ಟಿಗೆಯಿಂದ ಮೂಸೆ, ಇಕ್ಕಳ ಮತ್ತೆ ಹೊರಗೆ ತೆಗೆದು ಅವುಗಳ ಜಾಗದಲ್ಲಿಟ್ಟ. "ಬಾ. ಚೂರು ಇಸ್ಕೊಂಡು ಬರೋಣ. ಇವತ್ತೇ ಕರಗ್ಸಿ ಹಾಕಿದ್ರೆ ನಾಲ್ಕು ದಿನದಲ್ಲಿ ಮಾಡ್ಕೊಡ್ತೀನಿ" ಎಂದ.

ಟಿವಿಎಸ್ ಗಾಡಿಯಲ್ಲಿ ತೂಬಗೆರೆಗೆ ಹೊರಟೆವು. ದಾರಿಯಲ್ಲಿ ಅಪ್ಪ ಒಂದೇ ಮಾತಾಡಿದ. "ಬೋಗುಣಿ ನಿನ್ ಪಕ್ಕದಲ್ಲೇ ಇತ್ತಲ್ಲಮ್ಮ."

ಅರ್ಪಿತಳ ಅಪ್ಪ ಬೈರೇಶ್ ಮದುವೆಯಾದಾಗಿನಿಂದ ಅಂಗಳದಲ್ಲೇ ಬಿದ್ದಿದ್ದ ಶಾಮಿಯಾನದ ಗಳು ಲೆಕ್ಕ ಹಾಕಿ ಟೆಂಪೋಗೆ ಹೇರಿಸುತ್ತಿದ್ದರು. ನಮ್ಮನ್ನು ಕಂಡು ಬನ್ನಿ ಎನ್ನಲಿಲ್ಲ. ಸೊಣ್ಣಮ್ಮ ಇನ್ನೂ ಊರಿಗೆ ಹೋಗಿರಲಿಲ್ಲ. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು.

"ಬೈರೇಶಣ್ಣ, ಬಳೆ ಕೊಡಿ. ಎಲ್ಲಿ ತಪ್ಪಾಯ್ತು ಅಂತ ಗೊತ್ತಾಯ್ತು. ಹೊಸ್ದಾಗಿ ಮಾಡ್ಕೊಡ್ತೀನಿ. ಒಂದು ಪೈಸೆ ಬೇಡ" ಎಂದ ಅಪ್ಪ ನಿಂತಲ್ಲಿಂದಲೇ.

"ಎಲ್ಲಿ ಬಳೆ ಆಚಾರ್ರೇ? ಅದೆಲ್ಲಾ ಮುಗೀತು. ಗುರುವಾರ ಯಲಹಂಕದ ಅಂಗಡಿಗೆ ಕೊಟ್ಟು ಬೇರೆ ಬಳೆ ತಂದ್ಬಿಟ್ವಿ."

ಅಂದು ಸೋಮವಾರ.

"ಎರಡೂನಾ?"

"ಮುರಿದಿದ್ದು ಇಟ್ಕೊಂಡು ಏನ್ ಮಾಡೋಣ? ಇನ್ನೊಂದೂ ಇವತ್ತೋ ನಾಳೆಯೋ ಅಂತಿತ್ತು. ಅರ್ಪಿತ ಬೇಡ ಬೇಡ ಅಂತ ವಾರ ತಡೆದ್ಲು. ಕೀರ್ತನನ ಕೇಳ್ತೀನಿ, ಅವಳು ಓದಿರೋಳು, ಏನಾದ್ರೂ ದಾರಿ ಹೇಳ್ತಾಳೆ ಅಂತಿದ್ಲು. ಫೋನ್ ಮಾಡಿದ್ಲಂತೆ, ನೀನು ಎತ್ಲಿಲ್ವಂತೆ" ಎಂದರು ನನ್ನ ಕಡೆ ತಿರುಗಿ.

ಎತ್ತಿರಲಿಲ್ಲ. ನಾಲ್ಕು ಸಲ ಮಾಡಿದ್ದಳು.

ನಾನು ಬೈರೇಶಣ್ಣನ ಹತ್ತಿರ ಅಂಗಡಿಯ ನಂಬರ್ ತೆಗೆದುಕೊಂಡು ಅಲ್ಲೇ ನಿಂತು ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಿಲ್ ನಂಬರ್ ಕೇಳಿದಳು, ಕಾಯಿಸಿದಳು. "ಮೇಡಂ, ಗುರುವಾರದ ಹಳೇ ಚಿನ್ನ ಶನಿವಾರಾನೇ ಕರಗಿಸೋಕೆ ಹೋಗಿದೆ. ಎಲ್ಲರದ್ದೂ ಒಟ್ಟಿಗೇ ಹೋಗುತ್ತೆ. ಅದೇ ಬೇಕು ಅಂದ್ರೆ ಆಗಲ್ಲ" ಎಂದಳು. ಮರ್ಯಾದೆಯಾಗಿಯೇ ಹೇಳಿದಳು.

ಅಪ್ಪ ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಆಚಾರಪ್ಪ, ಸರಿ ಮಾಡೋಕೆ ಆಗ್ತಿತ್ತಾ?" ಎಂದು ಕೇಳಿದರು ಸೊಣ್ಣಮ್ಮ.

"ಆಗ್ತಿತ್ತಮ್ಮ. ಕರಗ್ಸಿ ನೀರಿಗೆ ಹಾಕಿದ್ರೆ ಸಾಕಿತ್ತು."

"ಅಷ್ಟೇನಾ?"

"ಅಷ್ಟೇ."

"ಮತ್ಯಾಕಪ್ಪ ಹಾಕ್ಲಿಲ್ಲ?"

ಅಪ್ಪ ನನ್ನ ಕಡೆ ನೋಡಲಿಲ್ಲ. ತನ್ನ ತಪ್ಪು ಎಂದು ಹೇಳಿಬಿಡುತ್ತಾನೇನೋ ಎಂದು ಒಂದು ಕ್ಷಣ ಅನ್ನಿಸಿತು. ಹೇಳಲಿ ಎಂದೂ ಅನ್ನಿಸಿತು. ಅವನು ಅಂಗಿಯ ತುದಿಯಿಂದ ಕನ್ನಡಕ ಒರೆಸತೊಡಗಿದ.

"ಹಾಳೇಲಿ ಬರ್ದಿತ್ತು ಅಜ್ಜಿ. ಅಪ್ಪಂಗೆ ಇಂಗ್ಲಿಷ್ ಬರಲ್ಲ. ನಾನು ಓದಿದೆ, ಹೇಳ್ಲಿಲ್ಲ" ಎಂದೆ.

"ಯಾಕೆ?"

"ಅಪ್ಪ ನನ್ನ ಕೇಳ್ಲಿ ಅಂತ."

ಟೆಂಪೋಗೆ ಗಳು ಹೇರುತ್ತಿದ್ದ ಸದ್ದು ನಿಂತಿತ್ತು. ಸೊಣ್ಣಮ್ಮ ನನ್ನನ್ನು ತುಂಬ ಹೊತ್ತು ನೋಡಿದರು. ಗೋಡೆ ಹಿಡಿದು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬೈರೇಶಣ್ಣ "ಹೊರಡಿ ಆಚಾರ್ರೇ" ಎಂದರು.

ಅರ್ಪಿತಳ ಕೈಯಲ್ಲಿ ಈಗ ಇರುವುದು ಅಂಗಡಿಯ ಬಳೆ. ಹಳದಿ, ಇಪ್ಪತ್ತೆರಡು ಕ್ಯಾರೆಟ್, ಅಳತೆ ಸರಿಯಾಗಿದೆಯಂತೆ. ಲಕ್ಷ್ಮೀದೇವಮ್ಮನದು ಹೋದದ್ದು ಎರಡು ಬಳೆ, ಇಪ್ಪತ್ತೆರಡು ಗ್ರಾಂ ಅಪ್ಪಟ ಚಿನ್ನ.